ತಕರಾರು ಬಿಟ್ಟ ಶಿಷ್ಯ

ಹೊಳೆದಂಡೆಯ ಆಶ್ರಮದಲ್ಲಿ ರೇವಣಯ್ಯನವರಿಗೆ ಒಬ್ಬನೇ ಶಿಷ್ಯ, ಕೊಟ್ರೇಶ. ಮಹಾ ತಕರಾರಿನವನು. ಗುರುಗಳು ಒಂದು ಮಾತು ಹೇಳಿದರೆ ಇವನದು ನಾಲ್ಕು ‘ಆದರೆ’. ಅವರಿಗೆ ಅದೇ ಇಷ್ಟ. ಸಂಜೆಯ ಪಾಠವೆಂದರೆ ಇಬ್ಬರ ಜಗಳವೇ.

ಗುರುಗಳಿಗೆ ಕ್ಯಾನ್ಸರ್ ಆಯಿತು. ಅದು ಬೆನ್ನುಮೂಳೆಗೂ ಸೊಂಟಕ್ಕೂ ಹಬ್ಬಿದೆ ಎಂದು ತಿಳಿದ ದಿನದಿಂದ ಕೊಟ್ರೇಶ ವಾದ ಮಾಡುವುದನ್ನೇ ಬಿಟ್ಟ. ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟ, ಬಿಸಿನೀರು ಕಾಯಿಸಿದ. ಅವರು ಏನು ಹೇಳಿದರೂ ತಲೆಯಾಡಿಸಿದ.

ಹೊಸ ಔಷಧಿ ಶುರುವಾಗುವ ಹಿಂದಿನ ಸಂಜೆ ಇಬ್ಬರೂ ದಂಡೆಯಲ್ಲಿ ಕೂತಿದ್ದರು.

“ಈ ಔಷಧಿ ಏನು ಮಾಡುತ್ತಂತೆ ಕೊಟ್ರೇಶ?”

“ರಕ್ತದಲ್ಲಿ ಓಡಾಡಿ ರೋಗ ಎಲ್ಲಿದೆ ಅಂತ ಹುಡುಕುತ್ತಂತೆ ಬುದ್ಧಿ. ಮೂಳೆಯೊಳಗೆ ಅಡಗಿದ್ರೂ ಬಿಡಲ್ಲ, ಅಲ್ಲಿಗೇ ಹೋಗಿ ಹೊಡೆಯುತ್ತೆ. ಉಳಿದ ಮೈಯ ತಂಟೆಗೆ ಅಷ್ಟಾಗಿ ಹೋಗಲ್ಲವಂತೆ.”

“ಗುಣ ಆಗುತ್ತಾ?”

ಕೊಟ್ರೇಶ ಅವರ ಶಾಲು ಸರಿಪಡಿಸಿದ. “ಚಳಿ ಆಗ್ತಿದೆಯಾ?”

“ಡಾಕ್ಟರು ನಿನ್ನನ್ನ ಹೊರಗೆ ಕರೆದು ಹೇಳಿದ್ರಲ್ಲ, ಅದನ್ನ ಹೇಳು.”

“ಗುಣ ಆಗಲ್ಲ ಬುದ್ಧಿ.” ಅವನು ಶಾಲಿನ ಅಂಚನ್ನು ಮತ್ತೆ ಎಳೆದು ಹೊದಿಸಿದ. “ನೋವು ತಗ್ಗಬಹುದು. ಒಂದಷ್ಟು ಕಾಲ ಸಿಗಬಹುದು.”

ಗುರುಗಳು ಹೊಳೆಯನ್ನೇ ನೋಡುತ್ತಾ ಕೂತರು. ಕತ್ತಲಾಗುತ್ತಿತ್ತು.

“ಹೊಳೆ ಇವತ್ತು ಗುಡ್ಡದ ಮೇಲಕ್ಕೆ ಹರೀತಿದೆ ನೋಡು,” ಅಂದರು.

“ಹೌದು ಬುದ್ಧಿ. ಸೊಂಟ ನೋಯ್ತಿದೆಯಾ?”

“ನಾನು ನಿನಗೆ ಕಲಿಸಿದ್ದೆಲ್ಲ ಸುಳ್ಳು.”

“ಹೌದು ಬುದ್ಧಿ. ಆಯಾಸ ಮಾಡ್ಕೋಬೇಡಿ. ಮಾತ್ರೆಯ ಹೊತ್ತಾಯ್ತು.”

ಅವನು ಮಾತ್ರೆ ಬಿಡಿಸಿ ಕೈ ಚಾಚಿದ. ಗುರುಗಳು ಮಾತ್ರೆ ತೆಗೆದುಕೊಳ್ಳಲಿಲ್ಲ. ಅವನ ಮಣಿಕಟ್ಟನ್ನು ಹಿಡಿದುಕೊಂಡರು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ.

“ಈಗ ನಾನೇನು ಹೇಳಿದೆ?”

ಕೊಟ್ರೇಶ ನೆನಪಿಸಿಕೊಳ್ಳಲು ನೋಡಿದ. ಒಂದು ಮಾತೂ ನೆನಪಿರಲಿಲ್ಲ. ಅವನು ಕೇಳಿಸಿಕೊಂಡಿದ್ದು ಅವರ ಉಸಿರನ್ನು, ನೋವಿಗೆ ಹಲ್ಲು ಕಚ್ಚುವ ಸದ್ದನ್ನು, ಅಷ್ಟೇ. ನಾಚಿಕೆಯಾಯಿತು. ಅಳು ಬಂತು.

“ತಪ್ಪಾಯ್ತು ಬುದ್ಧಿ. ನಿಮ್ಮನ್ನ ಹೇಗಾದ್ರೂ ಉಳಿಸ್ಕೋಬೇಕು ಅನ್ನೋದೊಂದೇ ತಲೇಲಿ ತುಂಬ್ಕೊಂಡಿತ್ತು.”

ಗುರುಗಳು ಕೈ ಬಿಡಲಿಲ್ಲ.

“ರೋಗವನ್ನ ಹುಡುಕ್ಕೊಂಡು ಹೋಗೋಕೆ ಔಷಧಿ ಇದೆ, ಅದು ಹೋಗಲಿ. ನೀನೂ ಅದರ ಹಿಂದೇನೇ ಹೊರಟುಬಿಟ್ಟೆಯಲ್ಲೋ. ನಾನಿನ್ನೂ ಇಲ್ಲೇ ಕೂತಿದೀನಿ.”