ಕುದುರೆಯ ಪಾಲಿನ ಹುರುಳಿ

"ಗುರುಗಳೇ, ಎಲ್ಲರಿಗೂ ಬಡಿಸಿ, ಉಳಿದರೆ ಉಂಡು, ಉಳಿಯದಿದ್ದರೆ ನೀರು ಕುಡಿದು ಮಲಗುವವಳ ತಪಸ್ಸು ದೊಡ್ಡದೋ, ಮಠದಲ್ಲಿ ಕೂತು ಜಪ ಮಾಡುವವರ ತಪಸ್ಸು ದೊಡ್ಡದೋ?"

ಕೇಳಿದವಳು ನೀಲಗಂಗೆ, ಮಠಕ್ಕೆ ನಡೆದುಕೊಳ್ಳುವ ಶಿಷ್ಯೆ. ಪ್ರಶ್ನೆ ಕೇಳುವಾಗಲೇ ಉತ್ತರವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದಳು. ಗಂಡ, ಮಾವ, ಇಬ್ಬರು ಗಂಡುಮಕ್ಕಳು ಹೊಟ್ಟೆ ತುಂಬ ಉಂಡೆದ್ದ ಮೇಲೆಯೇ ತಾನು ತಟ್ಟೆ ಮುಟ್ಟುವುದು ಎಂದಳು. ಹಿಂದಿನ ವಾರ ನೀರು ಸೇದುವಾಗ ಕಣ್ಣು ಕತ್ತಲೆಗಟ್ಟಿ ಬಾವಿಕಟ್ಟೆಯ ಮೇಲೆ ಬಿದ್ದು, ಮಗಳು ಎಬ್ಬಿಸಿ ಮನೆಗೆ ಕರೆತಂದದ್ದನ್ನೂ ಹೇಳಿದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ನೋವಿಗಿಂತ ಹೆಮ್ಮೆ ಹೆಚ್ಚಿತ್ತು.

ಗುರುಗಳಿಗೆ ನೇರ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ. ಕೂತುಕೋ ಎಂದು ಚಾಪೆ ತೋರಿಸಿ, ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನೂ ಅವನ ಇಬ್ಬರು ತಮ್ಮಂದಿರೂ ಕೋಳಿ ಕೂಗುವ ಹೊತ್ತಿಗೆ ಕುದುರೆಯ ಮೇಲೆ ಬಳೆಯ ಪೆಟ್ಟಿಗೆ ಹೇರಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೊರಟರೆ, ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಮನೆಯಲ್ಲಿ ಇಬ್ಬರೇ, ಬಳೆಗಾರನ ಹೆಂಡತಿ ಮತ್ತು ಅವನ ತಾಯಿ. ತಾಯಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು.

ಹಾಸಿಗೆ ಹಿಡಿದವರಿಗೆ ಉಣಿಸುವುದು ಸುಲಭ. ಬಚ್ಚಲಿಗೆ ಒಯ್ಯುವುದೇ ಕಷ್ಟ. ಸೊಸೆ ಮೊದಮೊದಲು ನೆರೆಮನೆಯ ಹೆಂಗಸರನ್ನು ಕರೆದಳು. ಒಬ್ಬಳು ಹೆಗಲು ಹಿಡಿದು ಇನ್ನೊಬ್ಬಳು ಕಾಲು ಹಿಡಿದರೆ ಮುರಿದ ಸೊಂಟ ನಡುವೆ ಜೋತುಬಿದ್ದು ಮುದುಕಿಗೆ ಜೀವ ಹೋಗಿ ಬಂದಂತಾಗುತ್ತಿತ್ತು. ಕೂಸನ್ನು ಎತ್ತಿದಂತೆ ಒಬ್ಬರೇ ಎರಡೂ ತೋಳಲ್ಲಿ ಎತ್ತಬೇಕು. ಅಷ್ಟು ಕಸುವಿದ್ದದ್ದು ಎದುರುಮನೆಯ ಗಾಣಿಗನಿಗೆ. ಅವನು ಒಳ್ಳೆಯವನು. ಕರೆದಾಗಲೆಲ್ಲ ಗಾಣ ನಿಲ್ಲಿಸಿ ಬಂದು, ತಲೆ ತಗ್ಗಿಸಿಕೊಂಡು ಎತ್ತಿ, ಬಚ್ಚಲಲ್ಲಿ ಕೂರಿಸಿ, ಹೊರಗೆ ಹೋಗಿ ನಿಲ್ಲುತ್ತಿದ್ದ. ಆದರೆ ಅವನು ಮುದುಕಿಯ ಕಣ್ಣೆದುರು ಮೈಮೇಲೆ ಬಟ್ಟೆಯಿಲ್ಲದೆ ಓಡಾಡಿ ಬೆಳೆದವನು. ಅವನ ಮದುವೆಯಲ್ಲಿ ಮದುಮಗಳಿಗೆ ಬಳೆ ತೊಡಿಸಿದವಳು ಇವಳೇ. ಅವನ ತೋಳಲ್ಲಿ ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಮುದುಕಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಅದು ಚೈತ್ರ ಮಾಸ. ಊರಿನ ಹಿತ್ತಿಲುಗಳೆಲ್ಲ ಒಣಗಿದ್ದವು. ಒಂದು ದಿನ ಸೊಸೆ ಹಿತ್ತಿಲಿಗೆ ಹೋದಾಗ, ಅತ್ತೆಯ ಕೋಣೆಯ ಕಿಟಕಿಯ ಕೆಳಗೆ ಒಂದು ಮೊಳ ಜಾಗದಲ್ಲಿ ಹುಲ್ಲು ಹಸಿರಾಗಿ ನಿಂತಿತ್ತು. ಯಾರೂ ನೀರು ಹಾಕದ ಜಾಗ. ಅವಳು ಹುಲ್ಲನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ತಾನು ತುಂಬಿಟ್ಟ ಚೊಂಬಿನ ನೀರೆಲ್ಲ ಹೋಗುತ್ತಿದ್ದದ್ದು ಅಲ್ಲಿಗೆ. ನೀರು ಕುಡಿಯದಿದ್ದರೆ ಬಚ್ಚಲಿಗೆ ಹೋಗಬೇಕಿಲ್ಲ, ಬಚ್ಚಲಿಗೆ ಹೋಗದಿದ್ದರೆ ಗಾಣಿಗನನ್ನು ಕರೆಯಬೇಕಿಲ್ಲ. ಅತ್ತೆಯ ತುಟಿ ಯಾಕೆ ಬಿರಿದಿದೆ, ಕಣ್ಣು ಯಾಕೆ ಗುಳಿಬಿದ್ದಿದೆ ಎಂದು ಆಗ ಅವಳಿಗೆ ತಿಳಿಯಿತು. ಮರ್ಯಾದೆ ಉಳಿಸಿಕೊಳ್ಳುವುದಕ್ಕಾಗಿ ಮುದುಕಿ ಬಾಯಾರಿ ಸಾಯುತ್ತಿದ್ದಳು.

ಸೊಸೆ ಒಳಗೆ ಓಡಿಹೋಗಿ ತಾನೇ ಎತ್ತುತ್ತೇನೆಂದು ತೋಳು ಕೊಟ್ಟಳು. ಒಂದು ಗೇಣು ಎತ್ತುವಷ್ಟರಲ್ಲಿ ಮಂಡಿ ಕುಸಿದು ಇಬ್ಬರೂ ಹಾಸಿಗೆಯ ಮೇಲೆ ಬಿದ್ದರು. ಮುದುಕಿ ಹಲ್ಲು ಕಚ್ಚಿಕೊಂಡಳು. ಆಮೇಲೆ ಇಬ್ಬರ ನಡುವೆ ಒಂದು ಚೌಕಾಸಿ ನಡೆಯಿತು. ಶ್ರಾವಣ ಬರುವುದರೊಳಗೆ ನಾನು ನಿನ್ನನ್ನು ಎತ್ತುತ್ತೇನೆ, ಅಲ್ಲಿಯವರೆಗೆ ದಿನಕ್ಕೆ ಎರಡು ಚೊಂಬು ಕುಡಿ ಎಂದಳು ಸೊಸೆ. ಮುದುಕಿ ಬಳೆಗಾರರ ಮನೆಯವಳಲ್ಲವೇ, ಒಂದೇ ಚೊಂಬಿಗೆ ಇಳಿಸಿದಳು. ಎರಡನೆಯದನ್ನು ಎತ್ತಿದ ದಿನ ಕುಡಿಯುತ್ತೇನೆ ಎಂದಳು.

ಆ ಊರಿನ ಗರಡಿಮನೆಯ ಹೊಸ್ತಿಲನ್ನು ಹೆಂಗಸರು ದಾಟುವಂತಿರಲಿಲ್ಲ. ಅವಳು ದಾಟಲಿಲ್ಲ, ಹೊಸ್ತಿಲ ಹೊರಗೆ ಸುಮ್ಮನೆ ನಿಂತಳು. ಒಳಗೆ ಬೆಳಕು ಕಡಿಮೆಯಾಯಿತೆಂದು ಮುದಿ ಉಸ್ತಾದ ಎದ್ದು ಬಂದ. ಕತೆಯನ್ನೆಲ್ಲ ಕೇಳಿ, ಯಾರಾದರೂ ಒಬ್ಬ ಪೈಲ್ವಾನನನ್ನು ಕಳಿಸಲು ಕೇಳುತ್ತಿದ್ದಾಳೆ ಎಂದುಕೊಂಡ. ಎತ್ತುವವಳು ನಾನೇ ಎಂದಾಗ ಅವಳನ್ನು ಮೇಲಿಂದ ಕೆಳಗೆ ನೋಡಿದ. ಒಣಗಿದ ಹಂಬಿನಂಥ ಹೆಂಗಸು. ಆದರೂ ನಗಲಿಲ್ಲ. ಗರಡಿಯ ಗುಂಡುಕಲ್ಲು ನಿನಗೆ ಬೇಡ, ಕಲ್ಲು ಗಟ್ಟಿಯಾಗಿ ಕೂರುತ್ತದೆ, ಮನುಷ್ಯರು ಜೋಲುತ್ತಾರೆ, ಗೋಣಿಚೀಲಕ್ಕೆ ಮರಳು ತುಂಬಿ ಅದನ್ನು ಎತ್ತು ಎಂದ. ಸೊಂಟ ಬಗ್ಗಿಸಬೇಡ, ಕುಕ್ಕರುಗಾಲಲ್ಲಿ ಕೂತು ಚೀಲವನ್ನು ಎದೆಗೆ ಅಪ್ಪಿಕೊಂಡು ತೊಡೆಯ ಬಲದಿಂದ ಏಳು ಎಂದು ತಾನೇ ಕೂತು ಎದ್ದು ತೋರಿಸಿದ. ನಾಲ್ಕು ದಿನಕ್ಕೊಮ್ಮೆ ಒಂದು ಸೇರು ಮರಳು ಹೆಚ್ಚಿಸಬೇಕು, ಅವಸರ ಮಾಡಿದರೆ ಅತ್ತೆಯ ಪಕ್ಕದಲ್ಲಿ ನಿನಗೂ ಒಂದು ಹಾಸಿಗೆ ಹಾಸಬೇಕಾಗುತ್ತದೆ ಎಂದು ಎಚ್ಚರಿಸಿದ.

ಅವಳು ಎಂಟು ಸೇರಿನಿಂದ ಶುರು ಮಾಡಿದಳು. ಬೆಳಿಗ್ಗೆ ಗಂಡಸರು ಹೊರಟ ಮೇಲೆ ಹಿತ್ತಿಲಲ್ಲಿ ಚೀಲ ಅಪ್ಪಿಕೊಂಡು ಏಳುವುದು, ಹತ್ತು ಹೆಜ್ಜೆ ನಡೆಯುವುದು, ಇಳಿಸುವುದು. ತಿಂಗಳಾಗುವಷ್ಟರಲ್ಲಿ ಹದಿನಾಲ್ಕು ಸೇರಾಯಿತು. ಅಲ್ಲಿಗೆ ನಿಂತುಹೋಯಿತು. ಚೀಲ ಎತ್ತಿದರೆ ತಲೆ ಸುತ್ತುತ್ತಿತ್ತು. ದೇವರು ಕಸುವು ಕೊಡಲಿ ಎಂದು ಸೋಮವಾರದ ಉಪವಾಸದ ಜೊತೆಗೆ ಶನಿವಾರದ್ದನ್ನೂ ಹಿಡಿದಳು. ಮರಳು ಹದಿನಾಲ್ಕರಿಂದ ಹನ್ನೆರಡಕ್ಕೆ ಇಳಿಯಿತು. ಕಿಟಕಿಯ ಒಳಗಿನಿಂದ ಮುದುಕಿ ನೋಡುತ್ತಿದ್ದಳು. ನೋಡಿ ನೋಡಿ, ಇದ್ದ ಒಂದು ಚೊಂಬಿನಲ್ಲೂ ಅರ್ಧ ಉಳಿಸತೊಡಗಿದಳು.

ಸೊಸೆಗೆ ಹೆದರಿಕೆಯಾಯಿತು. ಮತ್ತೆ ಗರಡಿಯ ಹೊಸ್ತಿಲಿಗೆ ಹೋದಳು. ಉಸ್ತಾದ ಚೀಲದ ವಿಷಯವನ್ನೇ ಕೇಳಲಿಲ್ಲ.

"ನಿಮ್ಮ ಮನೇಲಿ ಹೊರೆ ಹೊರೋರು ಯಾರವ್ವ?" ಎಂದ.

"ಕುದುರೆ."

"ಅದಕ್ಕೇನು ಹಾಕ್ತೀ?"

"ಬೇಯಿಸಿದ ಹುರುಳಿ."

"ನೀನೇನು ಉಣ್ತೀ?"

ಅವಳು ಹೇಳಿದಳು. ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ, ಆ ಸೀಮೆಯ ಎಲ್ಲರ ಮನೆಯಲ್ಲೂ ಅದೇ ನಡೆಯುತ್ತಿತ್ತು. ಹುರುಳಿ ಬೇಯಿಸಿ ಬಸಿಯುವುದು. ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ, ಅದರಿಂದ ಮನೆಯವರಿಗೆ ಸಾರು. ಬೆಂದ ಕಾಳು ಕುದುರೆಗೆ. ಸಾರನ್ನೂ ಮೊದಲು ಗಂಡಸರಿಗೆ ಬಡಿಸಬೇಕು. ತಳದಲ್ಲಿ ಉಳಿದದ್ದು, ಜೊತೆಗೆ ಮುದ್ದೆಯೊಂದು ಅರ್ಧ ಉಳಿದರೆ ಅದು, ಇಷ್ಟು ಅವಳದು.

"ಹಂಗಾದ್ರೆ ನಿಮ್ಮತ್ತೇನ ಕುದುರೆ ಕೈಲೇ ಎತ್ತಿಸು," ಎಂದ ಉಸ್ತಾದ, ಎದ್ದು ಒಳಗೆ ಹೋದ.

ಮೊದಲು ಅವಳಿಗೆ ಸಿಟ್ಟು ಬಂತು. ಅರ್ಧ ದಾರಿಗೆ ಬರುವಷ್ಟರಲ್ಲಿ ನಗು ಬಂತು. ಮನೆಗೆ ಬಂದು ಅತ್ತೆಯ ಮಂಚದ ಪಕ್ಕ ಕೂತು, ಉಸ್ತಾದ ನನ್ನನ್ನು ಕುದುರೆಗಿಂತ ಕಡೆ ಮಾಡಿಬಿಟ್ಟ ಎಂದು ನಗುತ್ತಲೇ ಎಲ್ಲವನ್ನೂ ಹೇಳಿದಳು. ಮುದುಕಿ ನಗಲಿಲ್ಲ.

"ಉಳಿದದ್ದು ಉಣ್ಣು ಅಂತ ನಿನಗೆ ಕಲಿಸಿದೋಳು ನಾನೇ ಕಣವ್ವ," ಎಂದಳು. "ನನಗೆ ನಮ್ಮತ್ತೆ ಕಲಿಸಿದ್ಲು. ಬಚ್ಚಲು ಜಾರ್ತು, ಬಿದ್ದೆ, ಸರಿ. ಮೂಳೆ ಹಪ್ಪಳದಂಗೆ ಮುರೀತಲ್ಲ, ಅದು ಬಚ್ಚಲಿನ ತಪ್ಪಲ್ಲ. ನಾಳೆಯಿಂದ ನನ್ನ ಕಣ್ಣೆದುರಿಗೆ ಉಣ್ಣು. ಎಲ್ಲರಿಗಿಂತ ಮೊದಲು ಉಣ್ಣು."

ಮರುದಿನದಿಂದ ಸೊಸೆಯ ತಟ್ಟೆ ಅತ್ತೆಯ ಮಂಚದ ಪಕ್ಕಕ್ಕೆ ಬಂತು. ಇಡೀ ಮುದ್ದೆ, ಮೊಳಕೆ ಬರಿಸಿ ಬೇಯಿಸಿದ ಹುರುಳಿ, ಸೊಪ್ಪಿನ ಪಲ್ಯ, ಮೇಲೆ ಮಜ್ಜಿಗೆ. ಚೀಲ ಎತ್ತಿ ಬಂದ ಮೇಲೆ ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ಮೊದಲ ದಿನ ಅವಳು ಕದ್ದು ತಿಂದವಳಂತೆ ಬಾಗಿಲ ಕಡೆ ನೋಡುತ್ತಿದ್ದಳು. ಮುದುಕಿ ಗದರಿಸಿ ಉಣಿಸಿದಳು. ಸೋಮವಾರಕ್ಕೂ ಶನಿವಾರಕ್ಕೂ ದೇವರಿಗೆ ಸಮಜಾಯಿಷಿ ಹೇಳುವ ಕೆಲಸವನ್ನೂ ತಾನೇ ವಹಿಸಿಕೊಂಡಳು.

ಬಳೆಗಾರನಿಗೆ ಇದು ತಮಾಷೆಯಾಗಿ ಕಂಡಿತು. ನಮ್ಮ ಕುದುರೆಗೆ ಪಾಲುಗಾರ್ತಿ ಬಂದಳು ಎಂದು ತಮ್ಮಂದಿರ ಮುಂದೆ ಹೆಂಡತಿಯನ್ನು ಆಡಿಕೊಂಡ. ಕುದುರೆ ನಿನ್ನ ಪೆಟ್ಟಿಗೆ ಹೊರುತ್ತದೆ, ಇವಳು ನಿನ್ನ ತಾಯಿಯನ್ನು ಹೊರಬೇಕು, ಯಾರ ಪಾಲು ಹೆಚ್ಚಿರಬೇಕೋ ನೀನೇ ಹೇಳು ಎಂದು ಮುದುಕಿ ಒಳಗಿನಿಂದಲೇ ಕೇಳಿದಳು. ಅವನು ಮಲಗುವ ಮೊದಲು ಇನ್ನೊಂದು ಸೇರು ಹುರುಳಿಯನ್ನು ತಾನೇ ನೆನೆಹಾಕಿದ.

ಊರ ಬಾಯಿಗೆ ಮಾತ್ರ ಮುಚ್ಚಳವಿರಲಿಲ್ಲ. ಬಾವಿಕಟ್ಟೆಯಲ್ಲಿ ಅವಳಿಗೆ ಗಂಡುಬೀರಿ ಎಂದು ಹೆಸರಿಟ್ಟರು. ಅವಳು ಕೊಡ ತುಂಬಿಕೊಂಡು ಬರುತ್ತಿದ್ದಳು, ಹಿಂದೆ ಒಂದು ಕೊಡ ತರುತ್ತಿದ್ದವಳು ಈಗ ಎರಡು. ಹದಿನಾಲ್ಕು ಸೇರು ದಾಟಿತು. ಇಪ್ಪತ್ತಾಯಿತು. ಮೊಣಕೈವರೆಗೆ ಸರಾಗವಾಗಿ ಏರುತ್ತಿದ್ದ ಅವಳ ಬಳೆಗಳು ಮಣಿಕಟ್ಟಿನ ಹತ್ತಿರವೇ ನಿಲ್ಲತೊಡಗಿದವು. ಏಳು ಹಳ್ಳಿಯ ಹೆಂಗಸರ ಕೈ ಅಳತೆ ಬಲ್ಲ ಬಳೆಗಾರ ಒಂದು ಸಂಜೆ ಹೆಂಡತಿಯ ಕೈ ಹಿಡಿದು ನೋಡಿ, ಪೆಟ್ಟಿಗೆಯಿಂದ ಒಂದು ಅಳತೆ ದೊಡ್ಡ ಬಳೆ ತೆಗೆದು ತೊಡಿಸಿದ. ಅವಳಿಗೆ ಅವತ್ತಿನಷ್ಟು ಖುಷಿ ಮದುವೆಯ ಬಳೆ ತೊಟ್ಟಾಗಲೂ ಆಗಿರಲಿಲ್ಲ.

ಆಷಾಢ ಮುಗಿಯಲು ಮೂರು ದಿನವಿದ್ದಾಗ ಚೀಲದಲ್ಲಿ ಮೂವತ್ತು ಸೇರಾಯಿತು, ಹೆಚ್ಚುಕಮ್ಮಿ ಮುದುಕಿಯ ತೂಕ. ಅವಳು ಅದನ್ನು ಅಪ್ಪಿಕೊಂಡು ಹಿತ್ತಿಲನ್ನು ಮೂರು ಸುತ್ತು ಸುತ್ತಿ ಇಳಿಸಿ, ಕೈ ತೊಳೆದು, ಅತ್ತೆಯ ಕೋಣೆಗೆ ಹೋದಳು. ಹೊಟ್ಟೆ ತುಂಬ ಉಂಡಾಗಿತ್ತು. ಬಚ್ಚಲ ಹಂಡೆಯಲ್ಲಿ ನೀರು ಕಾದಿತ್ತು.

ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಒಂದು ತೋಳನ್ನು ಅತ್ತೆಯ ಬೆನ್ನಿನ ಕೆಳಗೆ, ಇನ್ನೊಂದನ್ನು ಮಂಡಿಯ ಕೆಳಗೆ ಕೊಟ್ಟು ಎದೆಗೆ ಅಪ್ಪಿಕೊಂಡಳು. ಮುದುಕಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ನೋವು ಬರಲೇ ಇಲ್ಲ. ಕಣ್ಣು ಬಿಟ್ಟಾಗ ನಡುಮನೆ ಹಿಂದಕ್ಕೆ ಹೋಗುತ್ತಿತ್ತು. ಸೊಸೆಗೆ ಏದುಸಿರೂ ಇರಲಿಲ್ಲ. ಬಚ್ಚಲಲ್ಲಿ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಹಂಡೆ ಬರಿದಾಗುವವರೆಗೆ ನೀರು ಹೊಯ್ದಳು. ಐದು ತಿಂಗಳಿಂದ ಮೈಮೇಲೆ ಬಿಸಿನೀರು ಬಿದ್ದಿರಲಿಲ್ಲ, ಮುದುಕಿ ಸಾಕು ಅನ್ನಲೇ ಇಲ್ಲ.

ಮೈ ಒರೆಸಿ ಸೀರೆ ಉಡಿಸಿದ ಮೇಲೆ ಮುದುಕಿ ಕೈ ಚಾಚಿ ಕುಡಿಯುವ ನೀರು ಕೇಳಿದಳು. ಒಂದು ಚೊಂಬು ಗಟಗಟ ಕುಡಿದು ಕೆಳಗಿಟ್ಟಳು. ಇನ್ನೊಂದು ತಾ ಎಂದಳು. ಎರಡನೆಯದನ್ನು ಅವಳು ಕುಡಿಯುತ್ತಿದ್ದರೆ ಸೊಸೆ ಬಚ್ಚಲ ಹೊಸ್ತಿಲ ಮೇಲೆ ಕೂತು ಜೋರಾಗಿ ಅತ್ತಳು. ಅದು ದುಃಖದ ಅಳುವಲ್ಲ. ಗೆದ್ದವರು ಅಳುತ್ತಾರಲ್ಲ, ಅದು.

ಅಂದು ಸಂಜೆ ಗಂಡುಮಕ್ಕಳು ಮನೆಗೆ ಬರುವಾಗ ತಾಯಿ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಎದುರುಮನೆಯ ಗಾಣಿಗ ಗಾಣ ಬಿಟ್ಟು ಬಂದು ಕೈಮುಗಿದ. ತನ್ನನ್ನು ಇನ್ನು ಮೇಲೆ ಕರೆಯುವುದಿಲ್ಲ ಎಂದು ಅವನಿಗೂ ಹಗುರವಾಗಿತ್ತು. ಮುದುಕಿ ಅವತ್ತು ಅವನ ಮುಖವನ್ನು ನೇರ ನೋಡಿ ಮಾತಾಡಿದಳು.

ಬಾವಿಕಟ್ಟೆಯ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬಂದರು. ಹಿತ್ತಿಲಲ್ಲಿದ್ದ ಚೀಲವನ್ನು ಎಳೆದು ನೋಡಿದರು, ಅದು ಅಲುಗಲಿಲ್ಲ. ಗಂಡುಬೀರಿ ಎಂದು ಹೆಸರಿಟ್ಟವಳೇ ಮೊದಲು ಕೇಳಿದ್ದು, ಏನು ಉಣ್ಣುತ್ತೀ ಎಂದು. ಮರುವರ್ಷದ ಯುಗಾದಿಯ ಹೊತ್ತಿಗೆ ಗರಡಿಮನೆಯ ಹೊರಗೆ ಬೇವಿನಮರದ ಕೆಳಗೆ ಹನ್ನೊಂದು ಮರಳಿನ ಚೀಲಗಳಿದ್ದವು. ಹೊಸ್ತಿಲನ್ನು ಆಗಲೂ ಯಾವ ಹೆಂಗಸೂ ದಾಟಲಿಲ್ಲ. ದಾಟಿದವನು ಉಸ್ತಾದ. ತನ್ನ ಚಾಪೆಯನ್ನು ಎತ್ತಿಕೊಂಡು ಬಂದು ಹೊರಗೆ ಹಾಕಿಕೊಂಡ. ಆ ಬೀದಿಯ ಕುದುರೆಗಳಿಗೂ ಎತ್ತುಗಳಿಗೂ ಮಾತ್ರ ಸ್ವಲ್ಪ ಬೇಜಾರಾಯಿತಂತೆ.

ಗುರುಗಳು ಕತೆ ನಿಲ್ಲಿಸಿದರು. ನೀಲಗಂಗೆ ಕೇಳುತ್ತ ಕೇಳುತ್ತ ಮುಂದಕ್ಕೆ ಬಾಗಿದ್ದಳು. ಎರಡನೆಯ ಚೊಂಬಿನ ಹೊತ್ತಿಗೆ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಿದ್ದಳು. ಆದರೂ ತನ್ನ ತಪಸ್ಸನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆ ಬಳೆಗಾರನ ಹೆಂಡತಿಗೆ ಎತ್ತಲೇಬೇಕಾದ ಒಬ್ಬರಿದ್ದರು, ತನ್ನ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರೂ ಇಲ್ಲ, ತಾನು ಹಸಿದಿದ್ದರೆ ಕೆಡುವುದು ತಾನೊಬ್ಬಳೇ ಅಲ್ಲವೇ ಎಂದಳು.

ಗುರುಗಳು ಎದ್ದು ನಿಂತು ಶಲ್ಯ ಹೊದ್ದುಕೊಂಡರು.

"ಎಲ್ಲರದ್ದೂ ಆದ ಮೇಲೆ ನೀನು ಉಣ್ಣಲು ಕೂರುತ್ತೀಯಲ್ಲ, ಆಗ ನಿನ್ನ ಮಗಳು ಎಲ್ಲಿ ಕೂತಿರುತ್ತಾಳೆ ತಾಯಿ?" ಎಂದು ಕೇಳಿದರು.

ನೀಲಗಂಗೆ ಮನೆಗೆ ಹೋದವಳೇ ಮಗಳನ್ನು ಕರೆದು, ಗಂಡಸರು ಉಣ್ಣಲು ಬರುವ ಮೊದಲೇ ಇಬ್ಬರಿಗೂ ತಟ್ಟೆ ಹಾಕಿದಳು.