ತಿರುಗುಗುದುರೆ ಮಂಟಪ

ಗೋಡೆಕಲ್ಲು ದುರ್ಗದ ನೆತ್ತಿಯ ಮೇಲೆ, ಒಣಗಿದ ಹೊಂಡದ ಪಕ್ಕ, ಒಂದು ಕಲ್ಲುಮಂಟಪವಿದೆ. ಜನ ಅದನ್ನು ತಿರುಗುಗುದುರೆ ಮಂಟಪ ಎನ್ನುತ್ತಾರೆ. ಹೆಸರು ಕೇಳಿ, ಒಳಗೆ ಗಿರಗಿರ ತಿರುಗುವ ಗೊಂಬೆಕುದುರೆ ಇದೆಯೆಂದು ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ಹತ್ತುವವರೂ ಉಂಟು. ಪಾಪ, ಅವರಿಗೆ ಕಥೆಯನ್ನಾದರೂ ಹೇಳಿ ಕಳಿಸಬೇಕಲ್ಲ!

ಹಿಂದೆ ಒಮ್ಮೆ ಈ ದುರ್ಗವನ್ನು ಜಂಪಣ್ಣನಾಯಕ ಆಳುತ್ತಿದ್ದ. ತಾನು ಬಿಳಿಗುದುರೆಯೇರಿ ಮೂಡಣಕ್ಕೆ ಹೊರಟ ಚಿತ್ರವನ್ನು ಈ ಮಂಟಪದ ಬಡಗಣ ಗೋಡೆಯ ಮೇಲೆ ಬರೆಯಲು ಚಿತ್ರಗಾರ ಸಿಂಗೋಜನನ್ನು ಕರೆಸಿ, ಮುಗಿಯುವ ತನಕ ಬೆಟ್ಟ ಇಳಿಯಕೂಡದೆಂದು ಕಾವಲು ಹಾಕಿಸಿದ. ಸಿಂಗೋಜನ ಹೆಂಡತಿ ಆಗಷ್ಟೇ ಹೆತ್ತಿದ್ದಳು. ಹೆಣ್ಣುಮಗು ಎಂಬ ಸುದ್ದಿ ಬಂದಿತ್ತೇ ಹೊರತು ಅವನು ಮುಖ ನೋಡಿರಲಿಲ್ಲ. ಕೂಸನ್ನು ಎತ್ತಿಕೊಳ್ಳುವ ಆಸೆಗೆ ಹಗಲೆಲ್ಲ ದುಡಿದು, ನಾಯಕನನ್ನು ಬರೆದು, ಕುದುರೆಯ ಮೈ ಮುಗಿಸಿ, ತಲೆಗೆ ಬಂದ. ಮೂಡಣಕ್ಕೆ ಹೊರಟ ಚಿತ್ರದಲ್ಲಿ ಕಾಣಬೇಕಾದದ್ದು ಬಲಗೆನ್ನೆ; ಎದುರು ನಿಲ್ಲಿಸಿದ್ದ ಕುದುರೆಯ ಆ ಕೆನ್ನೆಯ ಗೊಂಡೆ ಸರಿಸಿ ನೋಡಿದರೆ, ಅಯ್ಯೋ, ಕಣ್ಣಿನ ಕೆಳಗೆ ಕೂದಲು ಸುತ್ತಿಕೊಂಡ ಕಣ್ಣೀರಸುಳಿ! ಅಂಥ ಕುದುರೆ ಒಡೆಯನ ಮನೆಗೆ ಅಳು ತರುತ್ತದೆಂದು ಆ ಕಾಲದವರ ನಂಬಿಕೆ. ಅದನ್ನು ಮರಿಯಿಂದ ಸಾಕಿದ ಲಾಯದ ಮದಾರಸಾಬ ಸಿಂಗೋಜನ ಕಾಲು ಹಿಡಿದ.

“ಬರೀಬ್ಯಾಡೋ ಯಪ್ಪಾ. ಗೊತ್ತಾದ್ರ ಇದನ್ನ ಕಡಸ್ತಾರ. ಮುಚ್ಚಿಟ್ಟ ನನ್ನ ತಲೀನೂ ಉಳಿಯಂಗಿಲ್ಲ.”

ಬರೆಯದೆ ಬಿಡುವಂತೆಯೂ ಇರಲಿಲ್ಲ. ಅರಸರ ಕುದುರೆಯ ಚಿತ್ರ ಮುಗಿದ ಮೇಲೆ, ನಿಜವಾದ ಕುದುರೆಯನ್ನು ಪಕ್ಕದಲ್ಲಿ ನಿಲ್ಲಿಸಿ, ಬರೆದಷ್ಟು ಭಾಗವನ್ನು ಸುಳಿಗೆ ಸುಳಿ ತಾಳೆ ನೋಡುವುದು ವಾಡಿಕೆ. ಸುಳ್ಳು ಬರೆದವನ ಹೆಬ್ಬೆರಳು ಹೋಗುತ್ತಿತ್ತು. ಗೊಂಡೆಯನ್ನೇ ಬರೆದರೆ ನಿಜವಾದ ಕುದುರೆಯ ಗೊಂಡೆಯನ್ನು ಎತ್ತಿ ನೋಡುತ್ತಿದ್ದರು. ಅತ್ತ ದರಿ, ಇತ್ತ ಪುಲಿ! ಸಿಂಗೋಜ ಕುಂಚ ಅದ್ದುವುದು, ಒಣಗಿಸುವುದು, ಮತ್ತೆ ಅದ್ದುವುದು. ಕೊನೆಗೆ ಗಟ್ಟಿ ಮನಸ್ಸು ಮಾಡಿ, ಕುದುರೆ ಕತ್ತು ಹೊರಳಿಸಿ ಹಿಂದಕ್ಕೆ ನೋಡುವಂತೆ ಬರೆದುಬಿಟ್ಟ. ಕಂಡದ್ದು ಎಡಗೆನ್ನೆ. ಅದರಲ್ಲಿ ಸುಳಿಯೂ ಇಲ್ಲ, ಸುಳ್ಳೂ ಇಲ್ಲ.

ತಾಳೆ ನೋಡುವವನು ಸರಿಯೆಂದು ತಲೆಯಾಡಿಸಿ ಹೋದ. ನಾಯಕ ಮಾತ್ರ ಕೆಂಡವಾದ.

“ಹಿಂದಕ್ಕ ನೋಡೂದು ರಣ ಬಿಟ್ಟು ಓಡೂ ಕುದುರಿ. ನಾ ಓಡಿಹೋದವ ಏನಲೇ? ಯಾಕ ಹಿಂಗ ಬರದಿ?”

ಕಾರಣ ಸಿಂಗೋಜನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಆ ಸಂಜೆಯೇ ಮಗಳು ತೊಡೆಯ ಮೇಲಿರುತ್ತಿದ್ದಳು. ಮದಾರಸಾಬ ಲಗಾಮು ಹಿಡಿದು ಎದುರಿಗೇ ನಿಂತಿದ್ದ.

“ಕೈ ತಪ್ಪಿತು, ದೊರಿ,” ಎಂದ ಸಿಂಗೋಜ.

ನಾಯಕ ಅವನನ್ನು ಒಳಗೇ ಬಿಟ್ಟು ಪಡುವಣ ಬಾಗಿಲಿಗೆ ಕಲ್ಲು ಕಟ್ಟಿಸಿದ. ಅನ್ನ ಹೋಗಲು ತೆಂಕಣ ಗೋಡೆಯಲ್ಲಿ ಒಂದು ಕಿಂಡಿ ಉಳಿಯಿತು. ಮದಾರಸಾಬ ಬದುಕಿರುವವರೆಗೂ ಬುತ್ತಿ ಹೊತ್ತು ತಂದನಂತೆ. ಸಿಂಗೋಜ ಮಗಳನ್ನು ಮೊದಲು ಕಂಡದ್ದೂ ಆ ಕಿಂಡಿಯಲ್ಲೇ. ತೋಳು ಚಾಚಿ ನೆತ್ತಿ ಸವರಿದ, ಎತ್ತಿಕೊಳ್ಳಲು ಮಾತ್ರ ಆಗಲಿಲ್ಲ. ಆ ಕುದುರೆಯ ಮೇಲೆಯೇ ನಾಯಕ ಮುದುಕನಾಗುವ ತನಕ ಮೆರೆದ, ಅವನ ಮನೆಯಲ್ಲಿ ಯಾರೂ ಅಳಲಿಲ್ಲ ಎನ್ನುತ್ತಾರೆ. ಸುಡಲಿ ಆ ನಂಬಿಕೆ!

ಇಂದಿಗೂ ಬಾಗಿಲ ಕಲ್ಲುಗಳನ್ನು ಯಾರೂ ಕಿತ್ತಿಲ್ಲ. ಕಿಂಡಿಯಲ್ಲಿ ಇಣುಕಿದವರಿಗೆ ನಾಯಕನ ಬಣ್ಣವೆಲ್ಲ ಉದುರಿದ ಗೋಡೆ ಕಾಣುತ್ತದೆ. ಕುದುರೆ ಮಾತ್ರ ಉಳಿದಿದೆ, ಕತ್ತು ಹೊರಳಿಸಿ ಮುಚ್ಚಿದ ಬಾಗಿಲನ್ನೇ ನೋಡುತ್ತಿದೆ.