ದಬ್ಬಣದಜ್ಜನವರು ಹೆಣ ತೂಗಿಸಿದ್ದು

ಪಾಪಿಯ ಹೆಣ ಭಾರ. ಕರೆಗುಂದಿ ಪೇಟೆಯಲ್ಲಿ ಆಗ ಇದನ್ನು ನಂಬದವರು ಯಾರೂ ಇರಲಿಲ್ಲ. ಪುಣ್ಯವಂತರ ಹೆಣ ಹೂವಿನ ಬುಟ್ಟಿಯಂತೆ ಹೋಗುತ್ತದೆ, ಪಾಪ ಮಾಡಿದವರದು ಹೆಗಲು ಮುರಿಯುತ್ತದೆ ಎನ್ನುತ್ತಿದ್ದರು. ಮಸಣದ ದಾರಿಯಲ್ಲಿ ಚಟ್ಟವನ್ನು ಒಮ್ಮೆ ಇಳಿಸುವುದು ಪದ್ಧತಿ. ಎರಡನೆಯ ಸಲ ಇಳಿಸಿದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೂರನೆಯ ಸಲಕ್ಕೆ ತೀರ್ಪು ಆದಂತೆಯೇ. ಆ ಹೆಣಕ್ಕೆ ಮತ್ತೆ ಯಾರೂ ಹೆಗಲು ಕೊಡುವಂತಿಲ್ಲ; ಕಸದ ಗಾಡಿಯಲ್ಲಿ ಹಾಕಿ ಹಳ್ಳದ ದಂಡೆಗೆ ಒಯ್ಯಬೇಕು.

ಇಂಥ ಪೇಟೆಯಲ್ಲಿ ಪೂಜ್ಯ ದಬ್ಬಣದಜ್ಜನವರು ಇಪ್ಪತ್ತೆರಡು ವರ್ಷ ಇದ್ದರು. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಕಾಳು ಮಾರುವ ಅಂಗಳದ ಬೇವಿನ ಮರದ ಕೆಳಗೆ, ಹರಿದ ಗೋಣಿಚೀಲಗಳ ರಾಶಿಯ ನಡುವೆ ಕೂತು ದಬ್ಬಣದಿಂದ ಚೀಲ ಹೊಲಿಯುತ್ತಿದ್ದರು. ದಿನದ ಹೊಲಿಗೆಗೆ ಎರಡು ರೊಟ್ಟಿ. ಭಕ್ತರು ಅವರ ಮೇಲೆ ಹೊರಿಸಿದ ಪವಾಡಗಳು ಬಹಳ: ಹಾವು ಹೆಡೆ ಬಾಗಿಸಿತಂತೆ, ಬತ್ತಿದ ಬಾವಿ ಉಕ್ಕಿತಂತೆ. ಅವಕ್ಕೆ ಸಾಕ್ಷಿ ಹೇಳಲು ಆ ಹಾವೂ ಇಲ್ಲ, ಆ ಬಾವಿಯೂ ಇಲ್ಲ. ಈ ಪ್ರಸಂಗಕ್ಕೆ ಮಾತ್ರ ತಕ್ಕಡಿಯ ಸಾಕ್ಷಿಯಿದೆ.

ಅಜ್ಜನವರ ಮಾತು ಕಡಿಮೆ. ರೈತರ ಕಾಳು ತೂಗುವಾಗ ತಲೆ ಎತ್ತದೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಖಾಲಿ ಚೀಲ ತೂಗಿದ್ರೇನಪಾ?” ತುಂಬಿದ ಚೀಲದ ತೂಕದಿಂದ ಖಾಲಿ ಚೀಲದ ತೂಕ ಕಳೆಯಬೇಕು. ವ್ಯಾಪಾರಿಗಳು ಅದನ್ನು ತೂಗದೆ ಅಂದಾಜಿನಲ್ಲಿ ಕಳೆಯುತ್ತಿದ್ದರು, ಅಂದಾಜು ಯಾವಾಗಲೂ ಅವರ ಕಡೆಗೇ ವಾಲುತ್ತಿತ್ತು. ಅಜ್ಜನವರ ಪ್ರಶ್ನೆಯನ್ನು ಅವರು ವೇದಾಂತವೆಂದು ತಿಳಿದು ಕೈ ಮುಗಿಯುತ್ತಿದ್ದರು. ತೂಗುವುದಕ್ಕಿಂತ ಅದು ಸುಲಭ.

ಹಮಾಲರ ಮುಖಂಡ ಭರಮಪ್ಪ ಮಾತ್ರ ಯಾರಿಗೂ ಕೈ ಮುಗಿಯುವವನಲ್ಲ. ಅವನ ಭಕ್ತಿಯೆಲ್ಲ ತನ್ನ ಬಲಹೆಗಲಿನ ಮೇಲೆ. ಚೀಲ ಏರಿದ ಕೂಡಲೇ ತೂಕ ಹೇಳುತ್ತಿದ್ದ. ತಕ್ಕಡಿ ಒಂದು ಕಿಲೋ ಹೆಚ್ಚುಕಡಿಮೆ ತೋರಿಸಿದರೆ ತಕ್ಕಡಿಯನ್ನೇ ಬೈಯುತ್ತಿದ್ದ. “ಸರಕಾರದವರು ತೂಕದ ಕಲ್ಲಿಗೆ ಮುದ್ರಿ ಒತ್ತೂದ ಬಿಟ್ಟು ಭರಮ್ಯಾನ ಹೆಗಲಿಗೆ ಒತ್ತಬೇಕು” ಎಂದು ಪೇಟೆಯವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಅದು ನಿಜವೆಂದೇ ಅವನು ತಿಳಿದಿದ್ದ.

ಒಂದು ಸೋಮವಾರ, ಸುಗ್ಗಿಯ ಸಂತೆಯ ದಿನ, ಸೂಲಗಿತ್ತಿ ಫಕೀರವ್ವ ತೀರಿಕೊಂಡಳು. ಮನೆಯಲ್ಲಿ ಮಗಳು ನೀಲವ್ವ ಒಬ್ಬಳೇ. ಗಂಡಸರಿಲ್ಲದ ಮನೆಯ ಹೆಣಕ್ಕೆ ಹಮಾಲರು ಹೆಗಲು ಕೊಡಬೇಕು, ಮುಂದಿನ ಬಲಗಡೆಯ ಬಿದಿರು ಮುಖಂಡನದು. ಇದೂ ಪದ್ಧತಿಯೇ. ಭರಮಪ್ಪ ತಪ್ಪಿಸಿಕೊಳ್ಳುವಂತಿರಲಿಲ್ಲ. ಆದರೆ ಮೂರು ವರ್ಷದ ಹಿಂದೆ ಅವನ ಹೆಂಡತಿ ಹೊಟ್ಟೆಯ ಕೂಸಿನೊಂದಿಗೆ ಸತ್ತದ್ದು ಇದೇ ಫಕೀರವ್ವ ಹೆರಿಗೆ ಮಾಡಿಸುವಾಗ. “ಮುದುಕಿ ಕೈ ಕೆಟ್ಟೈತಿ” ಎಂದು ಅವನು ಒಂದೇ ಸಲ ಅಂದಿದ್ದ. ಊರಿಗೆ ಅಷ್ಟು ಸಾಕಾಯಿತು. ಆಮೇಲೆ ಯಾವ ಮನೆಯವರೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ.

ಹೊಸಿಲ ಮುಂದೆ ಚಟ್ಟ ಎತ್ತಿದ ಕೂಡಲೇ ಭರಮಪ್ಪ ಬಲಕ್ಕೆ ವಾಲಿದ. ಅವನು ನಟಿಸಲಿಲ್ಲ, ಇದನ್ನು ಒತ್ತಿ ಹೇಳಬೇಕು. ಹೆಗಲು ನಿಜವಾಗಿಯೂ ಕುಸಿಯಿತು, ಎದೆ ನಿಜವಾಗಿಯೂ ಏದುಸಿರು ಬಿಟ್ಟಿತು. ಓಣಿಯ ತುದಿಯಲ್ಲಿ ಒಮ್ಮೆ ಇಳಿಸಿದ; ಮುಖಂಡ ಇಳಿಸಿದರೆ ಉಳಿದ ಮೂವರೂ ಇಳಿಸಬೇಕು. ಗಿರಣಿಯ ಮುಂದೆ ಇನ್ನೊಮ್ಮೆ. ಅಂಗಳದಲ್ಲಿ ಕಾಳಿನ ಲಿಲಾವು ಜೋರಾಗಿ ನಡೆದಿತ್ತು. ಅದರ ನಟ್ಟನಡುವೆ, ಅಜ್ಜನವರ ಚೀಲದ ರಾಶಿಯ ಎದುರಿಗೆ, ಮೂರನೆಯ ಸಲ ಚಟ್ಟ ನೆಲ ಮುಟ್ಟಿತು.

ಲಿಲಾವು ನಿಂತಿತು. ಜನ ಚೀಲ ದಾಟಿಕೊಂಡು, ಗಾಡಿ ಹತ್ತಿಕೊಂಡು ಮುಕುರಿದರು.

“ಎಷ್ಟ ಐತಲೇ ಭರಮ್ಯಾ?”

“ಕ್ವಿಂಟಲ್ ಐತಿ. ಹೆಚ್ಚಽ ಇದ್ದೀತು, ಕಡಿಮಿ ಇಲ್ಲ.”

“ನೋಡ್ರೆಪಾ! ಒಣಕಡ್ಡಿ ಹಂಗಿದ್ದ ಮುದುಕಿ! ಪಾಪ ಅಂದ್ರ ಸಣ್ಣದಲ್ಲ!”

“ಕಸದ ಗಾಡಿ ಕರೀರಿ, ದಾರಿ ಬಿಡ್ರಿ!”

ನೀಲವ್ವ ಚಟ್ಟದ ಬಿದಿರು ಹಿಡಿದು ಕುಕ್ಕರಿಸಿದಳು. “ಯಣ್ಣಾ, ಗಾಡಿಗೆ ಹಾಕಬ್ಯಾಡ್ರಿ. ನಿಮ್ಮನ್ನೆಲ್ಲಾ ಎತ್ತಿಕೊಂಡಾಕಿ ಆಕಿ. ಒಂದ ಸಲ ನೀವ ಎತ್ತರಿ.” ಸುತ್ತ ನಿಂತವರಲ್ಲಿ ಅರ್ಧ ಜನರನ್ನು ಈ ಭೂಮಿಗೆ ಬರಮಾಡಿಕೊಂಡ ಕೈ ಅದು. ಯಾರೂ ಮುಂದೆ ಬರಲಿಲ್ಲ.

ಅಜ್ಜನವರು ಹಲ್ಲಿನಿಂದ ದಾರ ಕಡಿದು, ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಎದ್ದು ನಿಂತರು.

“ತೂಗ್ರಿ” ಎಂದರು.

ಕಾಳಿನ ದಲಾಲಿ, ಅಡತಿ ಅಂಗಡಿಯ ಮಲಕಾಜಪ್ಪ ಹೌಹಾರಿದ. “ಅಜ್ಜಾರ, ಅದು ಕಾಳ ತೂಗು ತಕ್ಕಡಿರೀ! ಹೆಣಾ ಇಟ್ರ ನಾಳಿ ನನ್ನ ಅಂಗಡಿಗೆ ಯಾರ ಬರತಾರ?”

“ತಕ್ಕಡಿಗೇನ ಗೊತ್ತು?” ಎಂದರು ಅಜ್ಜನವರು.

ಗುಂಪಿನಿಂದ ಯಾರೋ ಕೂಗಿದರು: “ಭರಮ್ಯಾ, ಅಂಜಿದೇನಲೇ?” ಅದು ಅವನಿಗೆ ನಾಟಿತು. ತಕ್ಕಡಿ ಅವನ ಮಾತನ್ನು ಒಪ್ಪಿದರೆ ಮುದುಕಿ ಹಳ್ಳಕ್ಕೆ. ಒಪ್ಪದಿದ್ದರೆ ಅವನ ಹೆಗಲು ಸುಳ್ಳು. ಹೆಗಲು ಸುಳ್ಳಾಗಲು ಸಾಧ್ಯವೇ? ಅವನೇ ಮುಂದಾಗಿ ಚಟ್ಟವನ್ನು ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಅಡ್ಡಲಾಗಿ ಇಡಿಸಿ ಹಗ್ಗ ಬಿಗಿದ. ಆಚೆಯ ಹಲಗೆಗೆ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲುಗಳನ್ನು ತಾನೇ ಹೊತ್ತು ತಂದು ಇಟ್ಟ. ಐದು ಕಲ್ಲು, ಒಂದು ಕ್ವಿಂಟಲ್.

ಕಲ್ಲಿನ ಹಲಗೆ ದಢಾರನೆ ನೆಲಕ್ಕೆ ಬಡಿಯಿತು. ಫಕೀರವ್ವ ಗಾಳಿಗೆ ಏರಿದಳು.

“ಹೋ!” ಎಂದರು ಜನ.

ಭರಮಪ್ಪ ಸರಪಳಿ ಎಳೆದು ನೋಡಿದ. ಎಲ್ಲಿಯೂ ಸಿಕ್ಕಿಬಿದ್ದಿರಲಿಲ್ಲ. ಒಂದು ಕಲ್ಲು ತೆಗೆದ. ಚಟ್ಟ ಮೇಲೆಯೇ ಇತ್ತು.

“ಎಂಬತ್ತು!” ಜನ ಲಿಲಾವಿನ ದನಿಯಲ್ಲಿ ಕೂಗಿದರು. ಹಿಂದಿನವರು ಮುಂದಿನವರ ಹೆಗಲು ಹತ್ತಿದರು. ಅವನು ಇನ್ನೊಂದು ತೆಗೆದ. “ಅರವತ್ತೂ!” ಮುದುಕಿಯ ಸೀರೆಯ ಸೆರಗು ಗಾಳಿಯಲ್ಲಿ ಆಡುತ್ತಿತ್ತು. ಭರಮಪ್ಪನ ಕೈ ಮೂರನೆಯ ಕಲ್ಲಿನ ಮೇಲೆ ನಿಂತಿತು. ದಿನಕ್ಕೆ ನೂರು ಸಲ ಎತ್ತಿ ಇಡುವ ಕಲ್ಲು, ಈಗ ಏಳಲಿಲ್ಲ. ಎರಡೂ ಕೈ ಹಚ್ಚಿ ಎತ್ತಿದ.

“ನಲವತ್ತು” ಎಂದು ಕೂಗಿದವರು ಅಲ್ಲಲ್ಲಿ ನಾಲ್ಕೈದು ಜನ ಮಾತ್ರ. ಚಟ್ಟ ಮೆಲ್ಲಗೆ ಇಳಿದು ಕೂದಲೆಳೆಯಷ್ಟು ಕೆಳಗೆ ನಿಂತಿತು. ತೂಕದವನು ಒಂದು ಕಿಲೋದ ಕಲ್ಲು ಇಟ್ಟ. ಮುಳ್ಳು ನೆಟ್ಟಗಾಯಿತು.

ಹೆಣವೂ ಚಟ್ಟವೂ ಸೇರಿ ನಲವತ್ತೊಂದು ಕಿಲೋ. ನಾಲ್ಕು ಹೆಗಲಿಗೆ ಹಂಚಿದರೆ ತಲಾ ಹತ್ತು. ಅಂಗಳದ ಹಮಾಲರ ಹೆಂಗಸರು ಅದಕ್ಕಿಂತ ಭಾರದ ನೀರಿನ ಕೊಡ ಹೊರುತ್ತಿದ್ದರು.

ಭರಮಪ್ಪ ತನ್ನ ಬಲಹೆಗಲನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡ, ಬೇರೆಯವರದ್ದನ್ನು ಮುಟ್ಟಿದವನ ಹಾಗೆ. ಮೂರು ವರ್ಷದಿಂದ ಯಾರಿಗೂ ಹೇಳದ ಮಾತು ಅವನ ಬಾಯಿಂದ ಆ ಜನಜಾತ್ರೆಯ ನಡುವೆ ಹೊರಬಿತ್ತು.

“ನೀಲವ್ವಾ, ಕೂಸು ಅಡ್ಡ ಐತಿ, ದವಾಖಾನಿಗೆ ಒಯ್ಯಾಕ ಗಾಡಿ ತಾ ಅಂತ ನಿಮ್ಮವ್ವ ಇಲ್ಲಿಗೇ ಓಡಿ ಬಂದಿದ್ಲು. ಮಧ್ಯಾಹ್ನ ಇತ್ತು. ಎರಡ ಲಾರಿ ಇಳಿಸಿ ಬರತೀನಿ ಅಂದೆ. ಬಂದದ್ದು ಸಂಜೀಕ. ಆಕಿ ಕೈ ಕೆಟ್ಟಿರಲಿಲ್ಲ, ಯವ್ವಾ.”

“ನನಗ ಗೊತ್ತೈತಣ್ಣಾ” ಎಂದಳು ನೀಲವ್ವ. “ಹೆಂಡ್ತಿ ಕಳಕೊಂಡಾಂವ, ಅವನ ಮ್ಯಾಲ ಮತ್ತೊಂದ ಹೊರಸಬ್ಯಾಡ ಅಂದಿದ್ಲು ಅವ್ವ. ಈಗರ ಎತ್ತು.”

ಭರಮಪ್ಪ ಅಜ್ಜನವರ ಪಾದಕ್ಕೆ ಬಿದ್ದ. ಅಜ್ಜನವರು ಆಗಲೇ ಕೂತು ಮುಂದಿನ ಚೀಲ ಕೈಗೆತ್ತಿಕೊಂಡಿದ್ದರು. ಆಶೀರ್ವಾದ ಮಾಡಲಿಲ್ಲ. ಎಂದಿನ ಪ್ರಶ್ನೆಯನ್ನೇ ಕೇಳಿದರು.

“ಖಾಲಿ ಚೀಲ ತೂಗಿದ್ರೇನಪಾ?”

ಚಟ್ಟ ಎದ್ದಿತು. ಈಗ ಅದಕ್ಕೆ ಹೆಗಲು ಕೊಡಲು ತಳ್ಳಾಟ. ಮಲಕಾಜಪ್ಪನೂ ಪಂಚೆ ಮೇಲೆ ಕಟ್ಟಿ ನುಗ್ಗಿದ್ದ. ಮಸಣ ಮುಟ್ಟುವವರೆಗೆ ಎಲ್ಲಿಯೂ ಇಳಿಸಲಿಲ್ಲ. ಪದ್ಧತಿಯ ಒಂದು ಸಲವೂ ಇಳಿಸಲಿಲ್ಲ. ಭರಮಪ್ಪ ಬಿದಿರು ಬದಲಿಸದೆ ನಡೆದ. ಮಣ್ಣು ಕೊಟ್ಟಾದ ಮೇಲೆ, ಅಲ್ಲಿಯೇ ಮುರಿದು ಎಸೆಯಬೇಕಾದ ಚಟ್ಟವನ್ನು ಹೆಗಲ ಮೇಲಿಟ್ಟುಕೊಂಡು ಊರಿನ ಕಡೆಗೆ ತಿರುಗಿದ. ಮಸಣದಿಂದ ಖಾಲಿ ಚಟ್ಟ ಮರಳಿ ಬಂದದ್ದನ್ನು ಕರೆಗುಂದಿ ಎಂದೂ ಕಂಡಿರಲಿಲ್ಲ. ಜನ ಬಾಗಿಲು ಹಾಕಿಕೊಂಡರು. ಅವನು ಅದನ್ನು ನೇರವಾಗಿ ತಂದು ತಕ್ಕಡಿಯ ಮೇಲಿಟ್ಟು ತೂಗಿದ.

ಅಂದಿನಿಂದ ಭರಮಪ್ಪ ಹೆಗಲಿನಿಂದ ತೂಕ ಹೇಳಲಿಲ್ಲ. ಪೇಟೆಯಲ್ಲಿ ಯಾರು ಸತ್ತರೂ, ಕಳ್ಳನಿರಲಿ ಕುಡುಕನಿರಲಿ, ಕರೆಯುವ ಮೊದಲೇ ಹೋಗಿ ಮುಂದಿನ ಬಿದಿರು ಹಿಡಿಯುತ್ತಿದ್ದ. ನೀಲವ್ವನ ಮನೆಗೆ ಅಣ್ಣನಾಗಿ ನಡೆದುಕೊಂಡ. ಕೆಲಸವಿಲ್ಲದಾಗ ಅಜ್ಜನವರ ಬಳಿ ಕೂತು ಚೀಲ ಹೊಲಿಯುವುದನ್ನು ಕಲಿತ. ಸಾವಿನ ಮನೆಯಲ್ಲಿ ಯಾರಾದರೂ ಹಳೆಯ ಚಟದಿಂದ “ಭಾರ ಐತೇನಪಾ?” ಎಂದರೆ, ತಾನು ಆ ದಿನ ತೂಗಿದ್ದನ್ನಷ್ಟೇ ಹೇಳುತ್ತಿದ್ದ.

ಹಸಿ ಬಿದಿರಿನ ಚಟ್ಟ ಹನ್ನೊಂದು ಕಿಲೋ. ಫಕೀರವ್ವ ಮೂವತ್ತು.